ಸೋರಬೇಕಾಗಿದ್ದ ಈಜುಕೊಳ

ಇವತ್ತು ಬೆಳಿಗ್ಗೆ ತುಮಕೂರಿನಿಂದ ಬಂದಿದ್ದ ಅತಿಥಿ ಹುಡುಗಿಯೊಬ್ಬಳು ಒದ್ದೆ ಕೂದಲಲ್ಲೇ ಅಡುಗೆಮನೆ ಬಾಗಿಲಿಗೆ ಬಂದು ಅಂಗೈ ಚಾಚಿದಳು. ಅದರಲ್ಲಿ ಕಪ್ಪಗೆ, ಗುಂಡಗೆ, ಸುಕ್ಕುಗಟ್ಟಿದ ಏನೋ ಒಂದಿತ್ತು. "ಆಂಟಿ, ಇದು ಪೂಲ್ ಒಳಗೆ ಸಿಕ್ತು. ಹುಳ ಅಲ್ಲ ತಾನೇ?" ಅಂದಳು. ಹುಳ ಅಲ್ಲಮ್ಮ, ಕಾಫಿ ಅಂದೆ. ಈಜುಕೊಳದಲ್ಲಿ ಕಾಫಿ ಯಾಕಿರುತ್ತದೆ ಎಂದು ಅವಳು ಕೇಳಲಿಲ್ಲ. ಕೊಡಗಿನಲ್ಲಿ ಎಲ್ಲೆಲ್ಲೂ ಕಾಫಿಯೇ ಇರುತ್ತದೆ ಎಂದುಕೊಂಡಿರಬೇಕು. ಅವಳು ಕೇಳದಿದ್ದರೂ ನಿಮಗೆ ಹೇಳುತ್ತೇನೆ, ಯಾಕೆಂದರೆ ಅದನ್ನು ಅಲ್ಲಿ ಹಾಕಿದವಳು ನಾನೇ.

ಸೋಮವಾರಪೇಟೆಯಿಂದ ಸ್ವಲ್ಪ ದೂರದಲ್ಲಿ ನಮ್ಮ ತೋಟ. ಮನೆಯ ಎರಡು ಕೋಣೆಗಳನ್ನು ನಾನು ಹೋಂಸ್ಟೇ ಮಾಡಿದ್ದೆ. ಫೋನ್ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಊಟ ಏನು ಎಂದಲ್ಲ, ಪೂಲ್ ಇದೆಯಾ ಎಂದು. ಇಲ್ಲ ಅಂದರೆ ಆ ಕಡೆಯಿಂದ ಒಂದು ಮರ್ಯಾದಸ್ತ ಮೌನ. ಆ ಮೌನ ಕೇಳಿ ಕೇಳಿ ನನಗೆ ಹಟ ಹಿಡಿಯಿತು. ಆದರೆ ನಮ್ಮದು ಗುಡ್ಡದ ಬದಿಯ ಮನೆ. ಮಟ್ಟಸವಾಗಿ, ಇಡೀ ದಿನ ಬಿಸಿಲು ಬೀಳುವ ಜಾಗ ಒಂದೇ ಒಂದು, ಅದು ಕಾಫಿ ಒಣಗಿಸುವ ಕಣ. ನಮ್ಮ ಮಾವನವರು ಹಾಕಿಸಿದ ಕಣ. ಅದನ್ನೇ ಅಗೆಸಿ ಕೊಳ ಮಾಡಿಸೋಣ ಅಂದೆ.

ನಮ್ಮ ಯಜಮಾನರು ಜಗಳದ ಮನುಷ್ಯರಲ್ಲ. ದಿನಕ್ಕೆ ಇಷ್ಟೇ ಮಾತು ಎಂದು ಪಡಿ ಹಾಕಿಸಿಕೊಂಡು ಬಂದವರು. "ಕಾಫಿನ ಎಲ್ಲಿ ಒಣ್ಗಸದು?" ಎಂದಷ್ಟೇ ಕೇಳಿದರು. ಅದು ನನ್ನ ಜವಾಬ್ದಾರಿ, ನಿಮ್ಮ ಒಂದು ಕಾಳೂ ಹಾಳಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಆಗಿನ್ನೂ ಮಳೆಗಾಲವೇ ಶುರುವಾಗಿರಲಿಲ್ಲ, ಕುಯ್ಲಿನ ಚಿಂತೆ ಯಾರಿಗೆ?

ಕಂಟ್ರಾಕ್ಟರ್ ಶಾಜಿ ಮಾಕುಟ್ಟದ ಗಡಿಯಾಚೆ, ಕೇರಳದವರು. ಗಟ್ಟಿ ಆಳು, ಮೆಲುದನಿ, ಜೇಬಿನಲ್ಲಿ ಯಾವಾಗಲೂ ಅಳತೆ ಟೇಪು. ಮೂರು ತಿಂಗಳ ಕೆಲಸ ಆರು ತಿಂಗಳಾಯಿತು, ಅದಕ್ಕೆ ನಾನೇನೂ ಅನ್ನಲಿಲ್ಲ. ಡಿಸೆಂಬರಿನಲ್ಲಿ ನೀಲಿ ಟೈಲ್ಸಿನ ಮೇಲೆ ಮೊದಲ ಸಲ ನೀರು ನಿಂತಾಗ ಮಾತ್ರ ನಾನು ಉಗುರಿನ ಬಣ್ಣದಿಂದ ಗೋಡೆಗೆ ಒಂದು ಗುರುತು ಹಾಕಿದೆ. ನಾಲ್ಕು ದಿನದಲ್ಲಿ ನೀರು ಗುರುತಿನಿಂದ ನಾಲ್ಕು ಬೆರಳು ಕೆಳಗೆ. ಕೊಳ ಸೋರುತ್ತಿದೆ ಎಂದು ಶಾಜಿಗೆ ಫೋನು ಮಾಡಿದೆ. ಅವರು ಬಂದು, ಬಗ್ಗಿ ನೋಡಿ, "ಮೇಡಂ, ಸೋರಲ್ಲ. ಅದು ಬಿಸಿಲು ಕುಡಿದಿದ್ದು" ಅಂದರು.

ಬಿಸಿಲಿಗೆ ಅಷ್ಟೊಂದು ಬಾಯಾರಿಕೆಯೇ ಎಂದು ನಾನು. ಅದಕ್ಕೂ ಅವರ ಹತ್ತಿರ ಪರೀಕ್ಷೆಯಿತ್ತು. ಒಂದು ಬಕೆಟ್ಟು ನೀರು ತುಂಬಿಸಿ ಕೊಳದ ಮೆಟ್ಟಿಲ ಮೇಲಿಟ್ಟರು. ಎರಡರಲ್ಲೂ ನೀರು ಒಂದೇ ಅಳತೆ ಇಳಿದರೆ ಬಿಸಿಲಿನ ಕೆಲಸ, ಕೊಳದ್ದು ಮಾತ್ರ ಇಳಿದರೆ ಸೋರಿಕೆ. ಸರಿಯಾದ ನ್ಯಾಯವೇ. ಎರಡು ದಿನ ಬಿಟ್ಟು ನೋಡಿದರೆ ಕೊಳಕ್ಕಿಂತ ಬಕೆಟ್ಟೇ ಹೆಚ್ಚು ಇಳಿದಿತ್ತು. ಶಾಜಿ ಗೆದ್ದ ಮುಖ ಮಾಡಿ ನಿಂತಿದ್ದಾಗಲೇ ನಮ್ಮ ನಾಯಿ ಕರಿಯ ಬಂದು, ಎಲ್ಲರ ಎದುರಿಗೇ, ಬಕೆಟ್ಟಿಗೆ ಮೂತಿ ಹಾಕಿ ಲೊಚಲೊಚ ಕುಡಿಯಿತು. ಈ ಪರೀಕ್ಷೆ ನಡೆಯುವುದಿಲ್ಲ ಅಂದೆ. ನಾಯಿ ಯಾರದು ಎಂದು ಅವರು ಕೇಳಿದರು. ಮಾತು ಬೆಳೆಯಿತು.

ಗೋಣಿಕೊಪ್ಪಲು ಕಡೆಯ ರೆಸಾರ್ಟಿನವರೊಬ್ಬರು, ಇಲ್ಲಿ ಕೆಲಸ ಚೆನ್ನಾಗಿ ಮುಗಿದಿದೆ ಎಂಬ ಕಾಗದಕ್ಕೆ ನಾನು ರುಜು ಹಾಕಿದರೆ ತಮ್ಮ ದೊಡ್ಡ ಕೆಲಸವನ್ನು ಶಾಜಿಗೆ ಕೊಡುವವರಿದ್ದರು. ನಾನು ರುಜು ಹಾಕಲಿಲ್ಲ. ಶಾಜಿ ಬೇಸರದಲ್ಲೇ ಕೊಳ ಖಾಲಿ ಮಾಡಿಸಿದರು. ಕಸ ಹೋಗದಿರಲಿ ಎಂದು ನೀರು ಹೊರಹೋಗುವ ತಳದ ತೂತಿಗೆ ಮುಚ್ಚಳ ಬಿಗಿದು, ಕ್ರಿಸ್ಮಸ್ ಮುಗಿಸಿ ಬಂದು ಬಿರುಕು ಹುಡುಕುತ್ತೇನೆಂದು ಹೊರಟರು.

ಅವರು ಬರುವುದರೊಳಗೆ ಕುಯ್ಲು ಬಂತು. ಮೂಟೆಗಟ್ಟಲೆ ಕಾಫಿ ಹಣ್ಣು ಅಂಗಳಕ್ಕೆ ಬಂದು ಬಿತ್ತು. ಯಜಮಾನರು ಮೂಟೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕೊಳವನ್ನು ನೋಡಿದೆ. ನುಣ್ಣನೆಯ ನೆಲ, ಧಾರಾಳ ಬಿಸಿಲು, ಕೋಳಿಗಳು ಇಳಿಯದ ಗೋಡೆ. ಇಷ್ಟು ಒಳ್ಳೆಯ ಕಣ ಇಡೀ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ ಅನ್ನಿಸಿತು. ಹರವಿಸಿಯೇಬಿಟ್ಟೆ. ಹತ್ತು ದಿನದಲ್ಲಿ ಕಾಳು ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುವ ಹಾಗಾಗುತ್ತಾ ಬಂತು. ಯಜಮಾನರು "ಒಣಗ್ತಾ ಅದೆ" ಅಂದರು. ಮದುವೆಯಾದ ಮೇಲೆ ಅವರಿಂದ ಬಂದ ಹೊಗಳಿಕೆಗಳಲ್ಲಿ ಅದು ಎರಡನೆಯದೋ ಮೂರನೆಯದೋ ಇರಬೇಕು. ನಾನು ಎರಡು ದಿನ ಅದರಲ್ಲೇ ತೇಲಾಡಿದೆ.

ಶಾಜಿ ಬಂದವರು ಕೊಳದ ಅಂಚಿನಲ್ಲಿ ನಿಂತೇ ಇದ್ದರು. ತಾನು ಕಟ್ಟಿದ ಈಜುಕೊಳದ ತುಂಬ ಕಾಫಿ ನೋಡಿದ ಮನುಷ್ಯ ಏನು ಹೇಳಬೇಕು ಹೇಳಿ. ಇದನ್ನು ತೆಗೆಸಿ ಮೇಡಂ, ನೀರು ತುಂಬಿಸಿ ತೋರಿಸುತ್ತೇನೆ ಎಂದರು. ಒಣಗುವವರೆಗೆ ಒಂದು ಕಾಳೂ ತೆಗೆಯುವುದಿಲ್ಲ ಎಂದೆ. ಮೂರನೆಯ ಸಲ ಅವರು ಇದೇ ಜಗಳಕ್ಕೆ ಬಂದ ದಿನ ಮಧ್ಯಾಹ್ನ, ಜನವರಿಯ ಬಿಸಿಲು ಇದ್ದಕ್ಕಿದ್ದಂತೆ ಮಂಕಾಯಿತು.

ಟರ್ಪಾಲು ಎಳೆದೆವು. ಮಳೆ ಅದರ ನಡುವೆ ನಿಂತು, ಭಾರವಾಗಿ, ಟರ್ಪಾಲನ್ನೇ ಕೆಳಕ್ಕೆ ಕೆಡವಿತು. ಗುಡ್ಡದ ಮೇಲಿನ ನೀರೂ ಹರಿದು ಬಂದು ಒಳಗೆ ಧುಮುಕಿತು. ಒಣಗಿದ ಕಾಫಿ ಆಳದ ಕಡೆಗೆ ಜಾರಿ ತೇಲತೊಡಗಿತು. ಯಜಮಾನರು ಜಗಲಿಯಲ್ಲಿ ನಿಂತು ತೇಲುವ ಕಾಫಿಯನ್ನೇ ನೋಡುತ್ತಿದ್ದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಡಿಸೆಂಬರಿನಿಂದ ಸೋರುತ್ತದೆ, ಸೋರುತ್ತದೆ ಎಂದು ಊರೆಲ್ಲ ಸಾರಿದ್ದವಳು ಆಗ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ, ಸೋರಲಿ ಅಂತ. ನನಗೇ ತಿಳಿಯದೆ ಶಾಜಿಯ ಕಡೆ ತಿರುಗಿ ಕೇಳಿದೆ.

"ಶಾಜಿಯವ್ರೇ, ಇದು ಸೋರ್ತದೆ ತಾನೇ?"

ಅವರು ಬಾಯಿ ತೆರೆದರು. ಒಂದು ತೊಟ್ಟೂ ಸೋರಲ್ಲ ಎಂಬ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು, ನನಗೆ ಕಾಣುತ್ತಿತ್ತು. ಆಮೇಲೆ ಅವರು ಯಜಮಾನರ ಮುಖ ನೋಡಿದರು.

"ಸೋರ್ತದೆ ಚೇಚೀ," ಅಂದರು. "ಸ್ವಲ್ಪ ಸೋರ್ತದೆ."

ಅಲ್ಲಿಯವರೆಗೆ ಮೇಡಂ ಆಗಿದ್ದವಳು ಆ ಮಳೆಯಲ್ಲಿ ಅವರ ಅಕ್ಕನಾದೆ. ತನ್ನ ಕೆಲಸವನ್ನು ತಾನೇ ಕೆಟ್ಟದ್ದು ಎಂದು ಒಪ್ಪಿಕೊಂಡ ಆ ಸುಳ್ಳಿಗೆ ನನ್ನ ಕಣ್ಣು ತುಂಬಿ ಬಂತು. ಸುಳ್ಳೇ ಅದು. ಕೊಳ ಒಂದು ಹನಿಯೂ ಸೋರಲಿಲ್ಲ, ನೀರು ಮೊಣಕಾಲಿಗೆ ಬಂತು. ಶಾಜಿ ಪ್ಯಾಂಟು ಮಡಚಿ ಇಳಿದರು. ಕಾಲಿನಿಂದ ಮುಚ್ಚಳ ಹುಡುಕಿ, ಮುಳುಗಿ, ತಿರುಗಿಸಿ ತೆಗೆದರು. ಕಾಳು ಹೋಗದಂತೆ ತೂತಿನ ಮೇಲೆ ಬುಟ್ಟಿ ಕವುಚಿ ಹಿಡಿದುಕೊಂಡು, ನೀರೆಲ್ಲ ಇಳಿಯುವವರೆಗೆ ಕುಕ್ಕರುಗಾಲಲ್ಲಿ ಕೂತರು. ಸಂಜೆಯವರೆಗೆ ಮೂವರೂ ಸೇರಿ ಕಾಫಿಯನ್ನು ಅತಿಥಿಗಳ ಕೋಣೆಗೆ ಹೊತ್ತು ಹಾಕಿ, ನೆಲದ ಮೇಲೆ ಹರವಿ, ಫ್ಯಾನು ತಿರುಗಿಸಿದೆವು. ಆ ವಾರ ನಮ್ಮ ಹೋಂಸ್ಟೇಯಲ್ಲಿ ತಂಗಿದ್ದು ಕಾಫಿ ಮಾತ್ರ. ಬಹುಪಾಲು ಉಳಿಯಿತು.

ಮರುದಿನ ನಾನು ರುಜು ಹಾಕಿದ್ದಲ್ಲದೆ, ಕೊಳ ಸೋರುವುದಿಲ್ಲ ಎಂದು ಕೈಯಾರೆ ಬರೆದೂ ಕೊಟ್ಟೆ. ಯಜಮಾನರು ಮನೆಯ ಹಿಂದಿನ ಗುಡ್ಡದ ಬರೆ ಕಡಿದು, ಮಟ್ಟ ಮಾಡಿ ಒಂದು ಕಣ ಹಾಕಿಕೊಡಲಾದೀತೇ ಎಂದು ಶಾಜಿಯನ್ನು ಕೇಳಿದರು. ಹಾಕಿಕೊಟ್ಟರು. ಇದರಲ್ಲಿ ನೀರು ನಿಲ್ಲಲ್ಲ, ಬೇಕಾದ್ರೆ ಬರೆದುಕೊಡ್ತೇನೆ ಎಂದು ನನ್ನನ್ನು ನೋಡಿ ನಕ್ಕರು.

ಇದೆಲ್ಲ ಆಗಿ ಮೂರು ವರ್ಷ. ಆ ಕಾಳು ಇಷ್ಟು ದಿನ ಯಾವ ಸಂದಿಯಲ್ಲಿ ಅಡಗಿತ್ತೋ. ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಾಗ ತುಮಕೂರಿನ ಹುಡುಗಿ ಮತ್ತೆ ಕೇಳಿದಳು. "ಆಂಟಿ, ನೀರು ನಿನ್ನೆಗಿಂತ ಕಮ್ಮಿ ಇದೆ. ಪೂಲ್ ಸೋರುತ್ತಾ?"

ನನ್ನ ತಮ್ಮನನ್ನೇ ಯಾರೋ ಆಡಿಕೊಂಡ ಹಾಗೆ ಚುರ್ ಎಂದಿತು. "ಸೋರಲ್ಲಮ್ಮ, ಅದು ಬಿಸಿಲು ಕುಡಿದಿದ್ದು" ಅಂದೆ.

ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಒಂದು ಬಕೆಟ್ಟು ನೀರು ತುಂಬಿಸಿ ಮೆಟ್ಟಿಲ ಮೇಲಿಟ್ಟು, ಪರೀಕ್ಷೆ ಹೇಗೆಂದು ಅವಳಿಗೆ ವಿವರಿಸಿದೆ. ನಾಳೆ ಹೊರಡುವ ಮೊದಲು ನೀನೇ ಅಳೆದು ನೋಡು ಎಂದೆ. ಕರಿಯ ಅಲ್ಲೇ ಬಿಸಿಲಿಗೆ ನಾಲಿಗೆ ಚಾಚಿ ಮಲಗಿತ್ತು. ಅದನ್ನು ಕಟ್ಟಿಹಾಕಲಿಲ್ಲ.