ಆಷಾಢದಲ್ಲಿ ಬದಲಾದ ಡೇಟಾಬೇಸ್

ಮದುವೆಗೆ ಪಾತ್ರೆ ಬಾಡಿಗೆ ಕೊಡುವ ನಮ್ಮ ಅಫಜಲಪುರದ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಜೇವರ್ಗಿಯ ತವರಿನಿಂದ ಸೊಸೆ ತಂದ ದೊಡ್ಡ ಬಳುವಳಿ ಈ ವಿದ್ಯೆಯೇ ಎಂದು ಮಾವನವರು ಬಂದವರೆದುರೆಲ್ಲ ಹೇಳುತ್ತಾರೆ, ನಾನೂ ತಡೆಯುವುದಿಲ್ಲ. ಬುಕಿಂಗ್‌ಗಳಿದ್ದ ಡೇಟಾಬೇಸ್ ಹಳೆಯದಾಗಿ, ಗಿರಾಕಿ ತುಂಬಿದಾಗಲೇ ನಿಂತು ನನ್ನ ಜೀವ ತಿನ್ನುತ್ತಿತ್ತು. ಹೊಸ ಆವೃತ್ತಿ ಹಾಕಬೇಕೆಂದರೆ ಒಂದು ದಿನ ಎಲ್ಲ ಮುಚ್ಚಬೇಕು.

"ಆಷಾಢದಾಗ ಮಾಡು ಯವ್ವಾ. ಆವಾಗ ಯಾರು ಮದುವಿ ಮಾಡ್ತಾರ?" ಎಂದರು ಮಾವ. ಅದೇ ಧೈರ್ಯದಲ್ಲಿ ನೂರಾರು ಜನರ ಅಡುಗೆ ಬೇಯುವ ತಾಮ್ರದ ದೊಡ್ಡ ಡೇಗುಗಳನ್ನೆಲ್ಲ ಆಳಂದಕ್ಕೆ ಕಲಾಯಿಗೆ ಕಳಿಸಿಬಿಟ್ಟರು. ನಾನು ಬ್ಯಾಕಪ್ ತೆಗೆದು, ಹಳೆಯದನ್ನು ನಿಲ್ಲಿಸಿ, ಪರದೆ ನೋಡುತ್ತ ಕುಳಿತೆ.

ಮಧ್ಯಾಹ್ನ ಗೊಬ್ಬೂರಿನ ಹಿರಿಯರೊಬ್ಬರು ಟೆಂಪೊ ತಂದು ಬಾಗಿಲಲ್ಲೇ ನಿಲ್ಲಿಸಿದರು. "ನಾಳಿ ಮಗಳ ನಿಕಾ ಅದ್ರಿ ಅಕ್ಕಾರ. ಹೋದ ತಿಂಗಳ ಫೋನಿನ್ಯಾಗ ಹೇಳಿದ್ನಲ್ಲ, ಡೇಗು ಕೊಡ್ರಿ."

ಮಾವ, ಸೊಸೆ ಮುಖ ಮುಖ ನೋಡಿಕೊಂಡೆವು. ಅರ್ಧ ಗಿರಾಕಿಗಳು ಮುಸ್ಲಿಮರಿರುವ ಅಂಗಡಿಯವರಿಗೆ, ಆಷಾಢ ನಮ್ಮ ಪಂಚಾಂಗದಲ್ಲಷ್ಟೇ ಎಂಬುದು ಹೊಳೆದಿರಲಿಲ್ಲ! ಮಾವನ ಮೇಲೆ ರೇಗೋಣವೆಂದರೆ, ಬುಕಿಂಗ್ ಪಟ್ಟಿ ನೋಡದೆ ಹೂಂ ಎಂದು ತಲೆಯಾಡಿಸಿದವಳು ನಾನೇ. ಅಷ್ಟರಲ್ಲಿ ಹೊಸ ಡೇಟಾಬೇಸ್ ತೆರೆದುಕೊಂಡಿತು. ಮೊದಲು ಹುಡುಕಿದ್ದು ಅವರ ಬುಕಿಂಗನ್ನೇ. ಒಂದಕ್ಷರವೂ ಕಳೆದಿರಲಿಲ್ಲ. ಕುಣಿಯಬೇಕೆನಿಸಿತು, ಆದರೆ ಏನು ಪ್ರಯೋಜನ? ಬುಕಿಂಗ್ ಇದೆ, ಡೇಗಿಲ್ಲ. ಬೀಗರಿಗೆಲ್ಲ ಊಟ ಹೇಳಿರುವ ತಂದೆ ಎದುರಿಗೇ ನಿಂತಿದ್ದಾರೆ.

ಆಳಂದದ ಕಲಾಯಿಗಾರರಿಗೆ ಫೋನ್ ಹಚ್ಚಿ, ಯಾರ ಮನೆಯ ಮದುವೆಯೆಂದು ಹೇಳಿದೆ. ಆ ಕಡೆಯಿಂದ ಜೋರು ನಗು.

"ಕಲಾಯಿ ಮುಗದದ್ರಿ. ನಾನೂ ಅಲ್ಲಿಗೇ ಹೊಂಟೇನಿ, ಹುಡುಗಿ ನಮ್ಮ ಅಕ್ಕನ ಮಗಳು! ಡೇಗು ಸೀದಾ ಮದುವಿ ಮನಿಗೇ ಒಯ್ತೇನಿ. ಸೋದರಮಾವ ಬರಿಗೈಲೆ ಹೋಗಬಾರದಲ್ರಿ."

"ಡೇಗು ನಮ್ಮ ಭಾವಮೈದುನನ ಹಂತ್ಯಾಕೇ ಅದಾವೇನ್ರಿ!" ಎಂದು ಫೋನಿನ ಮಾತು ಕೇಳುತ್ತಿದ್ದ ಹಿರಿಯರು ಹಣೆ ಬಡಿದುಕೊಂಡು ನಕ್ಕರು. ನನಗೆ ಹೋದ ಜೀವ ಬಂತು.

ಮರುದಿನ ನಮ್ಮನ್ನೂ ಬಿಡದೆ ಕರೆದರು. ಫಳಫಳ ಹೊಳೆಯುವ ಒಂದು ಡೇಗನ್ನು ಮಾಂಸ ಮುಟ್ಟದ ನಮಗೆಂದೇ ತೆಗೆದಿಟ್ಟು, ಸೋರೆಕಾಯಿ ಖೀರು ಮಾಡಿಸಿದ್ದರು. ಮಾವ ಎರಡನೇ ಸಲ ಬಡಿಸಿಕೊಳ್ಳುತ್ತ, "ಯವ್ವಾ, ಹೊಸದ್ರಾಗ ಇವರ ತಿಂಗಳೂ ಹಾಕು" ಎಂದರು.

ಹಾಕಿದ್ದೇನೆ. ಈಗ ನಮ್ಮ ಪರದೆಯಲ್ಲಿ ಎರಡೂ ಪಂಚಾಂಗ ಒಟ್ಟಿಗೆ ಕಾಣುತ್ತವೆ. ಮುಂದಿನ ಆವೃತ್ತಿ ಹಾಕಲು ಯಾರ ಮನೆಯಲ್ಲೂ ಮದುವೆಯಿಲ್ಲದ ಒಂದು ದಿನ ಹುಡುಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ, ಸಿಗದಿದ್ದರೆ ನನಗೇನೂ ಬೇಸರವಿಲ್ಲ.