ಕೋಡಿಯ ಬಳಿ ಮೇಲೆದ್ದ ಎತ್ತು

ಈ ಅನುಭವಕ್ಕೆ ನಾನು ತೆತ್ತದ್ದು ಒಂದು ಜೊತೆ ಎತ್ತು. ಕೊಂಡು ಕಳೆದುಕೊಂಡೆನೆಂದಲ್ಲ. ಇನ್ನೇನು ಕೈಗೆ ಬಂತು ಎನ್ನುವ ಜೊತೆಯನ್ನು ನನ್ನ ಬಾಯಿಂದಲೇ ಕೆಡಿಸಿಕೊಂಡು, ಆಮೇಲೆ ಎಷ್ಟು ಕೊಡುತ್ತೇನೆಂದರೂ ಸಿಗದ ಹಾಗೆ ಮಾಡಿಕೊಂಡೆ. ಅಂಥ ಎತ್ತುಗಳನ್ನು ನನ್ನ ಗಾಡಿಗೆ ಕಟ್ಟುವ ಯೋಗ ಮತ್ತೆ ಬರಲಿಲ್ಲ. ಇದಕ್ಕೆಲ್ಲ ಕಾರಣ, ನಾನು ನನ್ನ ಕಣ್ಣನ್ನು ನಂಬಿದ್ದು.

ಕಣ್ಣನ್ನು ನಂಬುವುದೂ ತಪ್ಪೇ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳುತ್ತಿದ್ದವನು. ಕಲ್ಲು ನಡೆಯಿತು, ಮರ ಬಾಗಿ ಕರೆಯಿತು ಎಂದು ಯಾರಾದರೂ ಹೇಳಿದರೆ ಅವರ ಮುಖದೆದುರೇ ನಗುತ್ತಿದ್ದೆ. ಅಜ್ಜಂಪುರದಲ್ಲಿ ಮೊದಲು ಕಂಡವರ ದನ ಮೇಯಿಸಿ, ಆಮೇಲೆ ಕಂಡವರ ಗಾಡಿ ಹೊಡೆದು, ಕೊನೆಗೆ ಸ್ವಂತದ್ದೆಂದು ನಾಲ್ಕು ಗಾಡಿ ಮಾಡಿಕೊಂಡು ರೈಲ್ವೆ ಸ್ಟೇಷನ್ನಿಗೆ ಕೊಬ್ಬರಿ, ಕಾಳು ಸಾಗಿಸುತ್ತಿದ್ದೆ. ಯಾರೂ ಕೈಹಿಡಿದು ಎತ್ತಿದ್ದಲ್ಲ. ಎತ್ತಿನ ಸುತ್ತ ಒಂದು ಸಲ ನಡೆದು ಬಂದರೆ ಸಾಕು, ಹಲ್ಲು, ಗೊರಸು, ಸುಳಿ ಎಲ್ಲ ನನ್ನ ಲೆಕ್ಕಕ್ಕೆ ಬಂದುಬಿಡುತ್ತಿತ್ತು. ಮಾರುವವನು ಏನನ್ನು ಮುಚ್ಚಿಡುತ್ತಿದ್ದಾನೆ ಎಂಬುದೂ ತಿಳಿಯುತ್ತಿತ್ತು. ಇಂಥ ಕಣ್ಣೇ ನನಗೆ ಮೋಸ ಮಾಡೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹಿಡಿದು, ಹಿರೇನಲ್ಲೂರಿನ ಆಚೆಯ ಕೆರೆಯೊಂದು ತುಂಬಿ ಕೋಡಿ ಬಿದ್ದಿತ್ತು. ಅಲ್ಲಿಯ ರೈತ ಗುರುಸಿದ್ದಪ್ಪ ತನ್ನ ಜೊತೆಯನ್ನು ಮಾರುತ್ತಾನೆಂದು ದಲ್ಲಾಳಿ ಹನುಮಂತ ನನಗೆ ಸುದ್ದಿ ತಂದ. ಗುರುಸಿದ್ದಪ್ಪ ನನಗಿಂತ ಹತ್ತು ವರ್ಷ ದೊಡ್ಡವನು. ಗಾಡಿಯಿಂದ ಬಿದ್ದು ಒಂದು ಮೊಣಕಾಲು ಮಡಿಸಲಾಗದೆ ಹೋಗಿ, ಹೊಲವನ್ನು ಬೇರೆಯವರಿಗೆ ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟಿದ್ದ. ಎತ್ತುಗಳು ಎಮ್ಮೆದೊಡ್ಡಿ ಕಾವಲಿನ ಕಡೆಯ ತಳಿ. ಕರುಗಳಾಗಿದ್ದಾಗ ತಂದು ತಾನೇ ಪಳಗಿಸಿದ್ದ. ಗೇಯುವ ದನವನ್ನು ಸುಮ್ಮನೆ ಕಟ್ಟಿಹಾಕಿ ಕೆಡಿಸಬಾರದು, ಒಳ್ಳೆಯ ಮನೆಗೆ ಹೋಗಲಿ ಎಂಬುದು ಅವನ ಆಸೆ.

ನಮ್ಮಲ್ಲಿ ದನದ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು. ಸುತ್ತ ನಿಂತವರಿಗೆ ಏನೂ ಗೊತ್ತಾಗದು. ಆದರೆ ಪಳಗಿದ ಮಾರಾಟಗಾರ ಬೆರಳಿಗಿಂತ ಹೆಚ್ಚಾಗಿ ನಿಮ್ಮ ಕಣ್ಣನ್ನು ಗಮನಿಸುತ್ತಿರುತ್ತಾನೆ. ಆಸೆಯಿಂದ ಒಂದು ಸಲ ಎತ್ತಿನ ಕಡೆ ನೋಡಿದಿರೋ, ಬೆಲೆ ಏರಿತು. ಇದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಬೆರಳು ಹಿಡಿದ ಮೇಲೆ ಎದುರಿಗಿರುವ ಯಾವುದಾದರೂ ಒಂದು ಗುರುತಿನ ಮೇಲೆ ದೃಷ್ಟಿ ನೆಟ್ಟು, ವ್ಯಾಪಾರ ಕುದುರುವ ತನಕ ಕಣ್ಣು ಕದಲಿಸದೆ ಕೂತುಬಿಡುವುದು. ಆಗ ನನ್ನ ಮುಖ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ.

ಅಂದು ಮಧ್ಯಾಹ್ನ ಕೋಡಿಯ ಎದುರಿನ ಹಾಸುಗಲ್ಲಿನ ಮೇಲೆ ಕೂತೆವು. ಗುರುಸಿದ್ದಪ್ಪ ಕಾಲು ನೀಡಿಕೊಂಡು ಕೂತ. ನಮ್ಮ ಮುಂದೆ ಕೋಡಿಯ ಕಟ್ಟೆಯಿಂದ ನೀರು ಹಾಸಿದ ಬಟ್ಟೆಯ ಹಾಗೆ ಒಂದೇ ಸಮನೆ ಕೆಳಕ್ಕೆ ಬೀಳುತ್ತಿತ್ತು. ಆ ನೀರಿನ ನಡುವೆ ಒಂದು ಕರಿಯ ಕಲ್ಲು ಮೂತಿ ಚಾಚಿಕೊಂಡಿತ್ತು. ಅದನ್ನೇ ಗುರುತು ಮಾಡಿಕೊಂಡೆ. ಎತ್ತುಗಳು ಕೋಡಿಯ ಬಲಕ್ಕೆ, ಏರಿಯ ಕಲ್ಲುಗೋಡೆಗೆ ಬೆನ್ನು ಮಾಡಿ ನಿಂತಿದ್ದವು. ಹನುಮಂತ ಮತ್ತು ಊರಿನ ಏಳೆಂಟು ಜನ ಸುತ್ತ ಇದ್ದರು.

ಗುರುಸಿದ್ದಪ್ಪ ಸುಲಭಕ್ಕೆ ಬಗ್ಗುವವನಲ್ಲ. ಒಂದು ಬೆರಳು ಇಳಿಯುವುದಕ್ಕೂ ಯೋಚನೆ ಮಾಡುತ್ತಿದ್ದ. ನಾನು ಕರಿಕಲ್ಲಿನಿಂದ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ ಅವನ ಹಿಡಿತ ಸಡಿಲವಾಯಿತು. ಒಪ್ಪಿದ ಎಂದುಕೊಂಡು, ಕೊನೆಯ ಸಲ ನನ್ನ ಎತ್ತುಗಳನ್ನು ನೋಡೋಣವೆಂದು ತಲೆ ತಿರುಗಿಸಿದೆ.

ಬಲಗಡೆಯ ಎತ್ತು ಮೇಲಕ್ಕೆ ಏಳುತ್ತಿತ್ತು.

ಹಾರಿತೆಂದಾಗಲಿ, ನೆಗೆಯಿತೆಂದಾಗಲಿ ಅಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಬರುವ ಹಾಗೆ, ಅದರ ಇಡೀ ಮೈ, ಕಾಲು, ಹಿಣಿಲು, ಕೊಂಬು ಎಲ್ಲವೂ ಮೆಲ್ಲಗೆ, ಸದ್ದಿಲ್ಲದೆ ಏರುತ್ತಿದ್ದವು. ಎತ್ತು ಮಾತ್ರ ಏನೂ ಆಗದ ಹಾಗೆ ಮೆಲುಕು ಹಾಕುತ್ತಿತ್ತು. ವಲ್ಲಿಯ ಅಡಿಯಿಂದ ಕೈ ಕಿತ್ತುಕೊಂಡು ಎದ್ದು ನಿಂತೆ.

"ಅಯ್ಯಯ್ಯೋ, ಎತ್ತು ಮೇಲಕ್ ಏಳ್ತಾ ಐತೆ!"

"ಯಾವೆತ್ತು ಸಾವ್ಕಾರ್ರೇ? ಎಲ್ಲಿಗ್ ಏಳ್ತಾ ಐತೆ?" ಎಂದ ಹನುಮಂತ.

ಮತ್ತೆ ನೋಡುವಷ್ಟರಲ್ಲಿ ಅದು ಎಂದಿನಂತೆ ನೆಲದ ಮೇಲಿತ್ತು. ಆದರೆ ನಾನು ಅಲ್ಲಿ ನಿಲ್ಲಲಿಲ್ಲ. ಕುದುರಿದ ವ್ಯಾಪಾರದಲ್ಲಿ ಕೈ ಕಿತ್ತುಕೊಳ್ಳುವುದೆಂದರೆ ಮಾರುವವನನ್ನು ನಾಲ್ಕು ಜನರ ಎದುರು ಸುಳ್ಳ ಎಂದ ಹಾಗೆ. ಅದು ಗೊತ್ತಿದ್ದೂ ಗಾಡಿ ಹತ್ತಿದೆ. ಗುರುಸಿದ್ದಪ್ಪ ಎದ್ದು ಬರಲಾರದೆ ಕೂತಲ್ಲಿಂದಲೇ ಕೂಗಿದ: "ಏನ್ ದೋಸ ಐತೆ ಅಂತನಾರ ಹೇಳಿ ಹೋಗಪ್ಪಾ!"

ದೋಷ ಏನೆಂದು ನನಗೇ ಗೊತ್ತಿರಲಿಲ್ಲ. ಆದರೆ ಊರಿಗೆ ಗೊತ್ತಾಯಿತು. ಹದಿನೈದು ದಿನದಲ್ಲಿ ಕಡೂರಿನ ತನಕ ಮಾತು ಹಬ್ಬಿ, ಗುರುಸಿದ್ದಪ್ಪನ ಬಲಗಡೆ ಎತ್ತಿಗೆ ಗಾಳಿ ಸೇರಿದೆ, ಅದರ ಕಾಲು ನೆಲಕ್ಕೆ ತಾಗುವುದಿಲ್ಲ ಎಂದೆಲ್ಲ ಆಡಿಕೊಂಡರು. ಎತ್ತು ನೋಡಿ ಹೆಸರಾದವನು ನಾನು. ನಾನೇ ಬಿಟ್ಟು ಓಡಿದ ಮೇಲೆ ಇನ್ಯಾರು ಕೊಂಡಾರು? ಒಂದು ದಿನ ಹನುಮಂತ ಸಿಕ್ಕಿ, ಜೊತೆಯನ್ನು ಯಾರೂ ಕೇಳುವವರಿಲ್ಲವೆಂದೂ, ಚರ್ಮದ ವ್ಯಾಪಾರಿಯೊಬ್ಬ ಬಲಗಡೆಯದನ್ನು ಬರಿಯ ತೊಗಲಿನ ಬೆಲೆಗೆ ಕೇಳಿದ್ದಾನೆಂದೂ, ಬರುವ ಸಂತೆಯ ದಿನ ಹೊಡೆದುಕೊಂಡು ಹೋಗಲು ಬರುತ್ತಾನೆಂದೂ ಹೇಳಿದ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಆದರೆ ಹೋಗಿ ಹೇಳುವುದಾದರೂ ಏನು? ನಾನು ಕಂಡದ್ದಂತೂ ಕಂಡದ್ದೇ.

ಆ ವಾರವೇ ಹೆಬ್ಬೆಯ ಕಡೆ ಕಾಫಿ ತೋಟವೊಂದಕ್ಕೆ ಅಕ್ಕಿ ಒಪ್ಪಿಸುವ ಕೆಲಸವಿತ್ತು. ಕೆಲಸ ಮುಗಿಸಿ ಅಬ್ಬಿಯ ಎದುರು ಬುತ್ತಿ ಬಿಚ್ಚಿ ಕೂತೆ. ಮನಸ್ಸೆಲ್ಲ ಆ ಎತ್ತಿನ ಮೇಲೆ. ಕೈಯಲ್ಲಿ ತುತ್ತು ಹಿಡಿದು, ಬೀಳುವ ನೀರನ್ನೇ ಎವೆಯಿಕ್ಕದೆ ನೋಡುತ್ತ ಕೂತಿದ್ದೆನೆಂದು ಕಾಣುತ್ತದೆ. ಆಮೇಲೆ ಪಕ್ಕದ ಬಂಡೆಯ ಕಡೆ ನೋಡಿದರೆ, ಬಂಡೆ ಏರುತ್ತಿತ್ತು! ಅದರ ಮೇಲಿನ ಪಾಚಿ, ಬಿರುಕಿನಲ್ಲಿ ಹುಟ್ಟಿದ ಗಿಡ ಎಲ್ಲ ಸಮೇತ, ಅದೇ ಹಾಲು ಉಕ್ಕುವ ರೀತಿಯಲ್ಲಿ.

ಈ ಸಲ ಓಡಲಿಲ್ಲ. ಬಂಡೆಗೆ ಗಾಳಿ ಸೇರಲು ಸಾಧ್ಯವೇ ಎಂದು ನನ್ನನ್ನೇ ಕೇಳಿಕೊಂಡೆ. ಮತ್ತೆ ನೀರು ನೋಡಿದೆ, ಮತ್ತೆ ಬಂಡೆ ನೋಡಿದೆ. ಮತ್ತೆ ಏರಿತು. ನೀರನ್ನು ನೋಡದೆ ಬರಿದೇ ಬಂಡೆ ನೋಡಿದರೆ ಏರಲಿಲ್ಲ. ಇನ್ನೊಮ್ಮೆ ನೀರು ನೋಡಿ ನನ್ನ ಅಂಗೈಯನ್ನು ನೋಡಿಕೊಂಡೆ, ಅದೂ ಏರಿತು. ಬುತ್ತಿಯ ಅನ್ನ ಆರಿಹೋಯಿತು. ಎತ್ತು ಎದ್ದದ್ದು ಎತ್ತಿನಿಂದಲ್ಲ, ನನ್ನಿಂದ ಎಂದು ಅಲ್ಲಿ ತಿಳಿಯಿತು.

ಸಂತೆಗೆ ಎರಡೇ ದಿನ ಉಳಿದಿತ್ತು. ಕೆರೆಯ ನೀರೂ ಇಳಿಯುತ್ತಿತ್ತು. ಕೋಡಿ ನಿಂತುಹೋದರೆ ತೋರಿಸಲು ಏನೂ ಇರುವುದಿಲ್ಲ. ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ನೇರ ಅಲ್ಲಿಗೇ ಹೋದೆ. ನೀರು ತೆಳ್ಳಗಾಗಿದ್ದರೂ ಇನ್ನೂ ಬೀಳುತ್ತಿತ್ತು. ಹನುಮಂತನನ್ನೂ ಅಂದು ಇದ್ದ ಜನರನ್ನೂ ಕರೆಸಿದೆ. ಗುರುಸಿದ್ದಪ್ಪ ಕೋಲೂರಿಕೊಂಡು, ಬಲಗಡೆಯ ಎತ್ತನ್ನೂ ಹಿಡಿಸಿಕೊಂಡು ಬಂದ. ಅದನ್ನು ನನ್ನಿಂದ ದೂರವೇ ಕಟ್ಟಿಸಿದ.

ಮೊದಲು ಹನುಮಂತನನ್ನು ಕೂರಿಸಿ ಕರಿಕಲ್ಲನ್ನು ತೋರಿಸಿದೆ. ನೂರು ಎಣಿಸುವ ತನಕ ಕಣ್ಣು ತೆಗೆಯಬೇಡ ಎಂದೆ. ಆಮೇಲೆ ಗೋಡೆ ನೋಡು ಎಂದೆ.

"ಅಯ್ಯೋ ಸಿವನೇ! ಗೋಡೆ ಏರ್ತಾ ಐತೆ ಕಣ್ರೋ!"

"ಬೆಳಬೆಳಗ್ಗೆ ಎಲ್ ಕುಡ್ದ್ ಬಂದ್ಯೋ ಲೇ?" ಎಂದು ಒಬ್ಬ ಅಂದ. ಅವನನ್ನೂ ಕೂರಿಸಿದೆ. ಅವನಿಗೂ ಗೋಡೆ ಏರಿತು. ಆಮೇಲೆ ನಾ ಮುಂದು, ತಾ ಮುಂದು ಎಂದು ಎಲ್ಲರೂ ಕೂತರು. ಒಬ್ಬನಿಗೆ ಮಾತ್ರ ಏನೂ ಕಾಣಲಿಲ್ಲ. ಅವನಿಗೆ ಒಂದು ಕಡೆ ನೋಡಿಕೊಂಡು ಸುಮ್ಮನೆ ಕೂರುವ ಅಭ್ಯಾಸವೇ ಇರಲಿಲ್ಲ.

ಕೊನೆಗೆ ಗುರುಸಿದ್ದಪ್ಪ ಕೂತ. ಅಂದು ಎತ್ತು ನಿಂತಿದ್ದ ಜಾಗದಲ್ಲಿ ನಾನೇ ಹೋಗಿ ನಿಂತೆ. ಅವನು ಬಹಳ ಹೊತ್ತು ನೀರು ನೋಡಿ, ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿದ.

"ನೀನೂ ಏರ್ತಾ ಇದೀಯಲ್ಲಪ್ಪಾ! ನಿನ್ನ ಯಾವ್ ಬೆಲೆಗೆ ಕೇಳಾನ? ತೊಗಲಿನ ಬೆಲೆಗಾ?"

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಷ್ಟು ಜನರ ಎದುರಿಗೆ, ಎತ್ತಿನಲ್ಲಿ ಯಾವ ದೋಷವೂ ಇಲ್ಲ, ತಪ್ಪು ನನ್ನದು ಎಂದೆ. ಚರ್ಮದ ವ್ಯಾಪಾರಿಗೆ ಬರಬೇಡವೆಂದು ಹೇಳಿ ಕಳಿಸಲು ಹನುಮಂತ ಅಲ್ಲಿಂದಲೇ ಹೊರಟ. ಗುರುಸಿದ್ದಪ್ಪ ಎತ್ತಿನ ಗಂಗೆದೊಗಲನ್ನು ಸವರುತ್ತ ನಿಂತಿದ್ದ. ಅವನ ಮುಖ ತಿಳಿಯಾಗಿತ್ತು. ಅಲ್ಲಿಗೆ ನಾನು ನಮಸ್ಕಾರ ಹೇಳಿ ಹೊರಟಿದ್ದರೆ ಚೆನ್ನಾಗಿತ್ತು. ಆದರೆ ಮಾರುವವನ ಮನಸ್ಸು ಕರಗಿದ್ದು ಕಂಡರೆ ನನ್ನ ಕೈ ಸುಮ್ಮನಿರದು. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಅವನ ಮುಂದೆ ಹಾಸಿದೆ.

ಅವನು ವಲ್ಲಿಯನ್ನು ನೋಡಿದ. ನನ್ನನ್ನು ನೋಡಿದ.

"ಎತ್ತಿನ ಹೆಸ್ರು ಉಳಿಸ್ಕೊಟ್ಟೆ, ನಿನ್ ಹೊಟ್ಟೆ ತಣ್ಣಗಿರ್ಲಿ. ಆದ್ರೆ ಅದನ್ನ ಹೇಳಕ್ ಬಂದಿದ್ಯೋ, ಎತ್ತು ಹೊಡ್ಕೊಂಡ್ ಹೋಗಕ್ ಬಂದಿದ್ಯೋ, ಈಗ ನಂಗ್ ತಿಳೀವಲ್ದು. ನಿಂಗ್ ಮಾತ್ರ ಕೊಡಾಕಿಲ್ಲ ಕಣಪ್ಪಾ."

ಬೇರೆಯವರ ಕೈಯಲ್ಲಿ ಎರಡು ಸಲ ಹೇಳಿಸಿದೆ. ಕೊಡಲಿಲ್ಲ. ತಿಂಗಳೊಳಗೆ ತರೀಕೆರೆ ಕಡೆಯ ರೈತರೊಬ್ಬರು ಒಳ್ಳೆಯ ಬೆಲೆ ಕೊಟ್ಟು ಆ ಜೊತೆಯನ್ನು ಹೊಡೆದುಕೊಂಡು ಹೋದರು.

ಇನ್ನು ಆ ಏರಾಟದ ಮಾತು. ತರೀಕೆರೆಯ ಒಬ್ಬ ಶಾಲೆಯ ಮೇಷ್ಟರನ್ನು ಕೇಳಿದಾಗ, ಒಂದೇ ಸಮನೆ ಕೆಳಕ್ಕೆ ಬೀಳುವುದನ್ನು ನೋಡಿ ಕಣ್ಣು ದಣಿಯುತ್ತದೆ, ಅದಕ್ಕೇ ನಿಂತದ್ದು ಮೇಲೇರಿದ ಹಾಗೆ ಕಾಣುತ್ತದೆ ಎಂದರು. ಸರಿ ಎಂದುಕೊಂಡು ಮನೆಗೆ ಬಂದೆ. ಆದರೆ ಸುಲಭವಾಗಿ ಸಿಕ್ಕಿದ ಮಾಲನ್ನು ತಿರುವಿ ನೋಡದೆ ಬಿಡುವವನಲ್ಲ ನಾನು. ಮುಂದಿನ ಮಳೆಗಾಲ ಬಲಗಣ್ಣನ್ನು ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಂಡು, ಎಡಗಣ್ಣೊಂದರಿಂದಲೇ ನೀರು ನೋಡಿದೆ. ಆಮೇಲೆ ಎಡಗಣ್ಣು ಮುಚ್ಚಿ, ನೀರನ್ನೇ ನೋಡಿರದ ಬಲಗಣ್ಣು ಬಿಚ್ಚಿ ಗೋಡೆಯ ಕಡೆ ತಿರುಗಿದೆ. ಸ್ವಲ್ಪ ಮೆಲ್ಲಗೆ, ಆದರೂ ಗೋಡೆ ಏರಿತು. ದಣಿಯದ ಕಣ್ಣಿಗೆ ಅದು ಹೇಗೆ ಕಂಡಿತು? ಹಾಗಾದರೆ ದಣಿದದ್ದು ಯಾರು? ಮೇಷ್ಟರು ತಲೆ ಕೆರೆದುಕೊಂಡು, "ಮಿದುಳು ಇರಬಹುದು ಕಣ್ರೀ" ಎಂದರು. ಇರಬಹುದು.

ಇನ್ನೊಂದನ್ನು ಅವರೂ ಬಿಡಿಸಲಿಲ್ಲ. ಗೋಡೆಯ ಕಲ್ಲಿಗೆ ಸುಣ್ಣದ ಬೊಟ್ಟಿಟ್ಟು, ಅದರ ನೇರಕ್ಕೆ ತುದಿ ಬರುವಂತೆ ಒಂದು ಬಿದಿರಿನ ಗಳು ನೆಟ್ಟು ನೋಡಿದ್ದೇನೆ. ಬೊಟ್ಟು ಏರುತ್ತದೆ, ಏರುತ್ತಲೇ ಇರುತ್ತದೆ. ಆದರೆ ಗಳುವಿನ ತುದಿಯನ್ನು ದಾಟುವುದಿಲ್ಲ. ಎಲ್ಲಿತ್ತೋ ಅಲ್ಲೇ ಇರುತ್ತದೆ. ಎಲ್ಲಿಗೂ ಹೋಗದೆ ಹೋಗುವುದೆಂದರೆ ಏನು? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಓದುವವರಿಗೆ ನನ್ನ ಬುದ್ಧಿಮಾತು ಇಷ್ಟು. ಹರಿಯುವ ನೀರು, ಓಡುವ ರೈಲಿನ ಕಿಟಕಿ, ಸಾಲುಗಟ್ಟಿ ನಡೆಯುವ ಮಂದೆ, ಇಂಥದನ್ನು ಬಹಳ ಹೊತ್ತು ನೋಡಿದ ಮೇಲೆ ಕೂಡಲೇ ಯಾವುದರ ಬೆಲೆಯನ್ನೂ ಕಟ್ಟಬೇಡಿ. ಕಣ್ಣು ಮುಚ್ಚಿ ಸ್ವಲ್ಪ ಸುಧಾರಿಸಿಕೊಳ್ಳಿ. ವಿಚಿತ್ರವೇನಾದರೂ ಕಂಡರೆ, ನನಗೆ ಹೀಗೆ ಕಾಣುತ್ತಿದೆ ಎನ್ನಿ, ಅದು ಹೀಗಿದೆ ಎನ್ನಬೇಡಿ. ಬಾಯಿ ತಪ್ಪಿ ಅಂದುಬಿಟ್ಟರೆ, ಯಾರ ಎದುರು ಅಂದಿರೋ ಅವರನ್ನೇ ಕರೆಸಿ ತಿದ್ದಿ. ತಡಮಾಡಬೇಡಿ. ಮತ್ತು ತಪ್ಪೊಪ್ಪಿಕೊಳ್ಳಲು ಹೋದ ದಿನ ವ್ಯಾಪಾರದ ಮಾತೆತ್ತಬೇಡಿ. ಅದಕ್ಕೆ ಬೇಕಾದರೆ ಇನ್ನೊಂದು ದಿನ ಹೋಗಿ.