ಫುಟ್‌ವಾಲ್ವ್ ಒತ್ತೆ ಇಟ್ಟುಕೊಂಡ ಈರಣ್ಣ

ಈರಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಹಗಲೆಲ್ಲ ಡೀಸೆಲ್ ಪಂಪುಗಳ ಮಗ್ಗುಲಲ್ಲಿ ನಿಂತು ಕೂಗಿ ಕೂಗಿ ಗಂಟಲಿಗೆ ಅದೊಂದೇ ದನಿ ಉಳಿದಿತ್ತು. ಮನ್ಮನೆಯ ರಸ್ತೆಬದಿಯ ಅವನ ಪಂಪು ರಿಪೇರಿ ಅಂಗಡಿಯಲ್ಲಿ ಗುಟ್ಟಿನ ಮಾತಾಡಿದರೆ ಬಸ್ಸಿಗೆ ಕಾದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹುಟ್ಟೂರು ದಾಸನಕೊಪ್ಪದ ಕಡೆ. ನಮ್ಮಲ್ಲಿ ನೆಲೆನಿಂತು ಎಷ್ಟು ಕಾಲವಾದರೂ ಮಾತು ಮಾತ್ರ ಆ ಕಡೆಯದೇ. ಯಾವ ಪಂಪನ್ನೂ ಬಿಚ್ಚುವ ಮೊದಲು ಅದಕ್ಕೊಂದು ಬೈಗುಳ ಕೊಡುತ್ತಿದ್ದ. ಮಾಲೀಕನಿಗೂ ಒಂದು, ಪುಕ್ಕಟೆ.

ತೊಂಬತ್ತರ ದಶಕದಲ್ಲಿ ಮಳೆ ಕೈಕೊಟ್ಟ ವರ್ಷಗಳೇ ಅವನಿಗೆ ಸುಗ್ಗಿ. ಹೊಳೆಯುದ್ದಕ್ಕೂ ನಾವೆಲ್ಲ ಪಂಪು ಇಟ್ಟಿದ್ದೆವು. ಹೋಳಿಯ ಹೊತ್ತಿಗೆ ನೀರು ಬತ್ತಿ, ಪಂಪು ಗಾಳಿ ಎಳೆದು ಸುಟ್ಟುಕೊಳ್ಳುತ್ತಿತ್ತು. ಸುಟ್ಟದ್ದೆಲ್ಲ ಈರಣ್ಣನ ಅಂಗಡಿಗೆ. ನಮ್ಮ ಅಪ್ಪಯ್ಯ ಹೊಳೆಯ ಮೇಲಿನ ಕಡೆಯವರು, ಕನ್ನ ನಾಯ್ಕರು ಕೆಳಗಿನ ಗದ್ದೆಯವರು. ನೀರಿನ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಇಬ್ಬರ ಮನೆಯಲ್ಲೂ ಚಹಾ ಕುಡಿಯುವವನು ಈರಣ್ಣ ಒಬ್ಬನೇ.

ಒಂದು ಬೇಸಿಗೆ ನಮ್ಮ ಪಂಪು ನೀರೆತ್ತಲಿಲ್ಲ. ಈರಣ್ಣ ಮಡುವಿಗಿಳಿದು, ಪೈಪಿನ ತುದಿಗೆ ಮುಳುಗಿಸಿಡುವ ಫುಟ್‌ವಾಲ್ವನ್ನು ಕೆಸರಿನಿಂದ ಎಳೆದ. ಅದರ ಜಾಲರಿಯ ತುಂಬ ಬೆರಳುದ್ದದ ಸತ್ತ ಮೀನು. ಸುತ್ತಲಿನ ಅಂಗೈಯಗಲದ ನೀರಿನಲ್ಲಿ ಇನ್ನೂ ಕೆಲವು ಬಾಯಿ ತೆರೆದು ಒದ್ದಾಡುತ್ತಿದ್ದವು. ಅವತ್ತು ಅವನು ಯಾರನ್ನೂ ಬೈಯಲಿಲ್ಲ. ಒಂದೊಂದೇ ಮೀನು ಬಿಡಿಸಿ ಕಲ್ಲಿನ ಮೇಲಿಟ್ಟ.

"ಹೊಳೀನ ಸತ್ತ ಮ್ಯಾಲೆ ಪಂಪ್ ಬದುಕಿಸಿ ಏನ್ ಮಾಡೂದ್ರಿ ಹೆಗಡೇರ?" ಅಂದ ಅಪ್ಪಯ್ಯನಿಗೆ.

ಮಳೆಗಾಲ ಕಳೆದ ಮೇಲೆ ವಾಷರ್ ಬದಲಿಸಲು ಎಲ್ಲರೂ ಫುಟ್‌ವಾಲ್ವ್ ತಂದು ಅವನಿಗೆ ಕೊಡುವುದು ವಾಡಿಕೆ. ಅದಿಲ್ಲದೆ ಪಂಪು ನೀರೆತ್ತುವುದಿಲ್ಲ. ಆ ವರ್ಷ ಕೊಟ್ಟದ್ದು ತಿರುಗಿ ಬರಲಿಲ್ಲ. ಅಪ್ಪಯ್ಯನ ಜೊತೆ ನಾನೂ ಕೇಳಲು ಹೋದೆ. ಎಲ್ಲವನ್ನೂ ಗೋಡೆಗೆ ತೂಗುಹಾಕಿದ್ದ. ಅಪ್ಪಯ್ಯನದೂ ಕನ್ನ ನಾಯ್ಕರದೂ ಒಂದೇ ಮೊಳೆಗೆ.

"ನೀವೂ ನಾಯ್ಕರೂ ಕೂಡಿ ಹೊಳಿಗೆ ಒಡ್ಡು ಕಟ್ರಿ. ಮುಂಜಾನೆ ಮ್ಯಾಲಿನವರು, ಸಂಜಿಗೆ ಕೆಳಗಿನವರು ಪಂಪ್ ಹಚ್ರಿ. ಮಡುವಿಗೆ ಯಾರೂ ಪೈಪ್ ಬಿಡಬ್ಯಾಡ್ರಿ. ಒಪ್ಪಿದ್ರ ಒಯ್ರಿ."

ಅಪ್ಪಯ್ಯ ಸಿಟ್ಟಿನಲ್ಲಿ ಶಿರಸಿಗೆ ಹೋಗಿ ಹೊಸದನ್ನೇ ತಂದರು. ಅದನ್ನು ಕೂರಿಸಲು ಮತ್ತೆ ಈರಣ್ಣನೇ ಬೇಕು, ಅವನು ಬರಲೊಪ್ಪಲಿಲ್ಲ. "ಆನು ಆ ನಾಯ್ಕನ ಜೊತಿಗೆ ಕಲ್ಲು ಹೊರ್ತ್ನಿಲ್ಲೆ," ಅಂದರು ಮನೆಯಲ್ಲಿ.

"ಹಂಗಾರೆ ನೀವೇ ಕೊಡಪಾನದಲ್ಲಿ ನೀರು ಹೊರಿ," ಅಂದಳು ಅಮ್ಮ, ಒಲೆಯ ಮುಂದಿನಿಂದ ಏಳದೆ.

ಕೊನೆಗೆ ಅಪ್ಪಯ್ಯ ಅಂಗಡಿಗೆ ಹೋಗಿ ಬಾಯೊಳಗೇ "ಆಯ್ತು" ಅಂದರು. "ಹೆಗಡೇರು ಒಪ್ಪಿದ್ರು," ಎಂದು ಈರಣ್ಣ ಹೇಳಿದ್ದು ಇಡೀ ರಸ್ತೆಗೆ ಕೇಳಿಸಿತು. ಇನ್ನು ಮಾತು ತಪ್ಪುವಂತಿರಲಿಲ್ಲ. ನಾಯ್ಕರೂ ಹಿಂದೆಯೇ ಬಂದರು.

ಒಡ್ಡಿನ ಕೆಲಸಕ್ಕೆ ಎರಡೂ ಕಡೆಯ ಜನ ಸೇರಿದರು. ನಾಯ್ಕರು ಕಲ್ಲು ಎತ್ತಿ ಕೊಡುವುದು, ಅಪ್ಪಯ್ಯ ಮುಖ ನೋಡದೆ ತೆಗೆದುಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ, "ಆ ಮೂಲೆ ಸೋರ್ತದೆ ಹೆಗಡೇರೆ," ಅಂದರು ನಾಯ್ಕರು.

"ಹಾಂಗಾದ್ರೆ ಮಣ್ಣು ಕೊಡು ಮಾರಾಯ."

ಜಗಳ ಮುಗಿದದ್ದು ಅಷ್ಟರಲ್ಲೇ.

ಮುಂದಿನ ಬೇಸಿಗೆ ಹೋಳಿ ಕಳೆಯಿತು, ಯುಗಾದಿಯೂ ಕಳೆಯಿತು, ಹೊಳೆ ಹರಿಯುತ್ತಲೇ ಇತ್ತು. ಮಡುವಿನಲ್ಲಿ ಮೀನು ಹಿಂಡುಗಟ್ಟಿ ಸುತ್ತುತ್ತಿದ್ದವು. ನೋಡಲು ಊರಿಗೆ ಊರೇ ಬಂದಿತ್ತು. ಈರಣ್ಣ ಗ್ರೀಸ್ ಮೆತ್ತಿದ ಅಂಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆ ಮನೆಯ ಯಜಮಾನನ ಗತ್ತಿನಲ್ಲಿ ದಡದ ಮೇಲೆ ಓಡಾಡಿದ. ನನಗಂತೂ ಕುಣಿಯಬೇಕೆನಿಸಿತು. ಮೇಲಿನ ಊರುಗಳವರೂ ಬಂದು ಒಡ್ಡು ನೋಡಿ ಹೋಗಿ ತಾವೂ ಕಟ್ಟಿದರು.

ಆದರೆ ಪಂಪುಗಳು ಸುಡುವುದೇ ನಿಂತುಹೋಯಿತು. ಒಂದೆರಡು ವರ್ಷ ಈರಣ್ಣ ಸೈಕಲ್ಲಿಗೆ ಪಂಚರ್ ಹಾಕುತ್ತ ಕಳೆದ. ಆಮೇಲೊಂದು ದಿನ ದಾಸನಕೊಪ್ಪಕ್ಕೆ ಹೊರಟು ಸಾಮಾನು ಕಟ್ಟಿದ. ಅಪ್ಪಯ್ಯ, ಕನ್ನ ನಾಯ್ಕರು, ನಾನು ಮೂವರೂ ಬಸ್‌ಸ್ಟಾಪಿಗೆ ಹೋದೆವು. "ಇಲ್ಲೇ ಇರಾ ಮಾರಾಯ, ಹ್ಯಾಂಗೋ ಆಗ್ತದೆ," ಅಂದರು ಅಪ್ಪಯ್ಯ. ಅವನ ಸಾಮಾನಿನ ಗಂಟನ್ನು ಕೈಯಿಂದ ಬಿಡಲಿಲ್ಲ. ನನಗೆ ಅಳು ಬಂದಿತ್ತು.

ಈರಣ್ಣ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಇವರ ಹೊಳಿ ನನ್ನ ಹೊಟ್ಟಿ ಮ್ಯಾಲೆ ಹೊಡೀತು ನೋಡ್ರಿ."

ಹಾಗೆ ಹೇಳುವಾಗ ಅವನ ಮುಖದಲ್ಲಿದ್ದಷ್ಟು ಹೆಮ್ಮೆಯನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ.